ಡೆಲ್ಲಾ ಹೊಲಿದ ಕೈಗವಸು

ಹೊಗೆಯ ವಾಸನೆ ಹೋಗಿಲ್ಲ, ಅಷ್ಟೊಂದು ಸೋಪು ಸುರಿದರೂ ಹೋಗಿಲ್ಲ, ಕೈ ಸುಡುವ ಬಿಸಿನೀರಿನಲ್ಲಿ ಮುಳುಗೆದ್ದರೂ ಹೋಗಿಲ್ಲ, ಕಾರಿನ ಕಿಟಕಿ ಬೆರಳಷ್ಟು ಇಳಿಸಿದರೆ ಹೊರಗಿನ ಚಳಿ ಒಳಗೆ ಬರುತ್ತದೆಯೇ ಹೊರತು ಒಳಗಿನ ಹೊಗೆ ಹೊರಗೆ ಹೋಗುತ್ತಿಲ್ಲ, ಇದು ಒಲೆಯ ಹೊಗೆಯಲ್ಲ, ಹೋಮದ್ದಂತೂ ಅಲ್ಲವೇ ಅಲ್ಲ, ಕೊಳೆತ ಮರದ ತುಂಡು ಉರಿಯದೆ ನಿಧಾನಕ್ಕೆ ಹೊಗೆಯಾಡಿದ್ದಂತೆ, ಚರ್ಮ ಹದವಾಗಲು ಅಂಥದ್ದೇ ಬೇಕಂತೆ, ಮಗಳು ವಿಭಾ ಹೇಳಿದ್ದಳು — ಛಾಯಾ ಮಡಿಲಲ್ಲಿದ್ದ ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಇನ್ನೊಂದು ಸುತ್ತು ತಿರುಚಿದಳು, ಇಂಡಿಯನ್ ಸ್ಟೋರಿನ ಚೀಲ, ಒಳಗೆ ಮಗಳ ಕೈಗವಸು, ಅಥವಾ ಮೊನ್ನೆಯವರೆಗೆ ಕೈಗವಸು ಆಗಿದ್ದದ್ದು. ಎದುರಿಗೆ ಚಿಕಾಗೋ ಪಕ್ಕದ ಇಟಾಸ್ಕಾದ ಈ ಆಫೀಸುಗಳ ನಡುವಿನ ಹೊಂಡದಿಂದ ಹೆಬ್ಬಾತುಗಳ ದಂಡೊಂದು ಎದ್ದು ಬಂದು ಪಾರ್ಕಿಂಗ್ ಲಾಟನ್ನು ದಾಟುತ್ತಿದೆ, ಗಂಡಿನ ಕಡೆಯ ದಿಬ್ಬಣದವರ ಹಾಗೆ, ಯಾರಿಗೂ ಅವಸರವಿಲ್ಲ, ಪಾರ್ಸೆಲ್ ವ್ಯಾನಿನವನು ಹಾರ್ನ್ ಹೊಡೆದರೆ ತಿರುಗಿ ಅವನನ್ನೇ ಬೈಯುತ್ತವೆ, ಅವಕ್ಕೇನು, ಬೇಕಾದಾಗ ಉತ್ತರಕ್ಕೆ, ಬೇಡವಾದಾಗ ದಕ್ಷಿಣಕ್ಕೆ, ಅವಕ್ಕೆ ಇಂಟರ್‌ವ್ಯೂ ಇಲ್ಲ, ಅಮ್ಮನನ್ನು ಕಾರಿನಲ್ಲಿ ಕೂರಿಸಿ ಹೋಗುವುದೂ ಇಲ್ಲ. ಆ ಗಾಜಿನ ಕಟ್ಟಡದೊಳಗೆ ವಿಭಾ ಕೂತಿದ್ದಾಳೆ, ನೀಲಿ ಕೋಟು ಹಾಕಿಕೊಂಡು, ಕೂದಲನ್ನು ಬಿಗಿದು ಕಟ್ಟಿಕೊಂಡು, ದೊಡ್ಡ ಏರ್‌ಲೈನಿನವರ ಮುಂದೆ, ಇದು ಸಿಕ್ಕರೆ ಇಲ್ಲಿನ ವಿಮಾನ ನಿಲ್ದಾಣ ಓ'ಹೇರ್‌ನಿಂದಲೇ ಹಾರಾಟ, ಬಿಡುವು ಸಿಕ್ಕಾಗ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನ ಮನೆಗೆ ಡ್ರೈವ್ ಮಾಡಿಕೊಂಡು ಬಂದು ಬಿಸಿ ಸಾರು ಅನ್ನ ಉಂಡು ಹೋಗಬಹುದು, ಸಿಗದಿದ್ದರೆ — ಅಲ್ಲ, ಸಿಕ್ಕರೂ ಅವಳು ಬೇಡ ಅಂದುಬಿಟ್ಟರೆ — ಅವಳು ಈಗ ವಿಮಾನ ಓಡಿಸುತ್ತಿರುವ ಆ ಉತ್ತರದ ಪುಟ್ಟ ಕಂಪನಿಯವರು ಕ್ಯಾಪ್ಟನ್ ಆಗ್ತೀಯಾ ಎಂದು ಕೇಳಿದ್ದಾರೆ, ಶುಕ್ರವಾರದೊಳಗೆ ಹೂಂ ಅನ್ನಬೇಕು ಇಲ್ಲವೇ ಉಹೂಂ ಅನ್ನಬೇಕು. ಒಳಗೆ ಫೋನ್ ತರಬಾರದಂತೆ, ಅದಕ್ಕೇ ಇಳಿಯುವಾಗ, ಅಮ್ಮಾ ಇದನ್ನ ಇಟ್ಕೊಂಡಿರು, ಕಾಲ್ ಬಂದ್ರೆ ಇಗ್ನೋರ್ ಮಾಡು, ಓಕೆ, ಎಂದು ಕೊಟ್ಟು ಹೋದಳು, ಹೋಗುವಾಗ ಕೈ ಉಜ್ಜಿಕೊಂಡು, ನನ್ನ ಮಿಟ್ಸ್ ಮನೇಲೇ ಬಿಟ್ಟು ಬಂದೆ ಅನ್ಸುತ್ತೆ, ಎಂದಳು. ಅಮ್ಮ ಕಾಲ ಬುಡದ ಚೀಲವನ್ನು ಹಿಮ್ಮಡಿಯಿಂದ ಸೀಟಿನಡಿಗೆ ತಳ್ಳಿದಳು.

ತೊಳೆದದ್ದು ತಪ್ಪೇ, ಕೊಳೆ ವಾಸನೆ ಬರುವುದನ್ನು ತೊಳೆಯದೆ ಪೂಜೆ ಮಾಡುತ್ತಾರೆಯೇ, ಮಗಳು ಬಂದವಳೇ ಬ್ಯಾಗನ್ನು ಲಾಂಡ್ರಿ ರೂಮಿಗೆ ಎಸೆದು ಕುಂಭಕರ್ಣನ ತಂಗಿಯ ಹಾಗೆ ಮಲಗಿಬಿಟ್ಟಳು, ಆ ಲಾಂಡ್ರಿ ರೂಮಿಗೆ ಅಂಟಿಕೊಂಡ ಕ್ಲಾಸೆಟ್ಟೇ ಈ ಮನೆಯ ದೇವರ ಮನೆ, ಟವೆಲ್ ಇಡಬೇಕಾದ ಶೆಲ್ಫಿನಲ್ಲಿ ತನ್ನ ತವರಿನ ನಂಜುಂಡೇಶ್ವರ ಒಂದು ಕಡೆ, ದಾನಪ್ಪನ ಊರಿನ ಕಡೆಯ ಬನಶಂಕರಿ ಒಂದು ಕಡೆ, ಗಂಡನ ದೇವರೂ ಹೆಂಡತಿಯ ದೇವರೂ ಜಗಳವಿಲ್ಲದೆ ಇದ್ದಾರೆ, ಗಂಡ ಹೆಂಡತಿಯೇ ಅಷ್ಟು ಚೆನ್ನಾಗಿಲ್ಲ — ಬೆಳಿಗ್ಗೆ ದೀಪ ಹಚ್ಚಲು ಹೋದರೆ ಊದುಬತ್ತಿಯನ್ನೂ ಮೆಟ್ಟಿ ನಿಂತಿದೆ ಆ ವಾಸನೆ, ಚರ್ಮ, ಅದೂ ಮೂಸ್ ಅನ್ನುವ ಪ್ರಾಣಿಯದ್ದು, ಎಮ್ಮೆಗಿಂತ ಎತ್ತರದ ಕಾಡುಜಿಂಕೆಯಂತೆ, ಈ ದೇಶಕ್ಕೆ ಬಂದು ತಲೆ ಹಣ್ಣಾದರೂ ಛಾಯಾಳ ಮೂಗು ಮಾತ್ರ ಇನ್ನೂ ಮೈಸೂರಿನ ಅಗ್ರಹಾರ ಬಿಟ್ಟು ಕದಲಿಲ್ಲ. ಟವೆಲ್‌ಗಳ ಜೊತೆ ಕೈಗವಸನ್ನೂ ಮೆಷಿನ್ನಿಗೆ ಹಾಕಿದಳು, ಹಾಟ್ ವಾಷ್, ಆಮೇಲೆ ಡ್ರೈಯರ್, ಹಿಂಗೈ ಮೇಲೆ ಮಣಿ ಪೋಣಿಸಿ ಹೊಲಿದ ಕೆಂಪು ಹೂವು ನೋಡಿಯಾದರೂ ಬುದ್ಧಿ ಬರಬಾರದಿತ್ತೇ, ಇಲ್ಲ, ಬರಲಿಲ್ಲ, ಬಾಗಿಲು ತೆರೆದಾಗ ಒಳಗಿದ್ದದ್ದು ಕರಿದ ಹಪ್ಪಳ, ಕುಗ್ಗಿ, ಮುದುರಿ, ತಟ್ಟಿದರೆ ಟಕ್ ಎನ್ನುವಂಥದ್ದು. ದಾನಪ್ಪ ಕನ್ನಡಕ ಹಣೆಗೇರಿಸಿ ನೋಡಿ, ಏನ್ ಮಾಡೀದಿಯವಾ ತಾಯಿ, ಮೂರು ಚಳಿಗಾಲ ದುಡದಿದ್ದಕ್ಕ ಆಕಿಗೆ ಸಿಕ್ಕ ಮರ್ಯಾದಿ ಇದು, ಈಗ ಹೇಳಿಬಿಡು, ಎಂದ, ಅವಳು, ಇಂಟರ್‌ವ್ಯೂ ಮುಗೀಲಿ ಸುಮ್ನಿರಿ, ಮಗು ಮನಸ್ಸು ಕೆಡಿಸ್ಬೇಡಿ, ಎಂದು ಬಾಯಿ ಮುಚ್ಚಿಸಿದಳು, ಮಗು ಅಂತೆ ಮಗು, ಇಪ್ಪತ್ತೊಂಬತ್ತು ದಾಟಿದೆ. ಆದರೆ ಇನ್ನೊಂದಿದೆ, ಗಂಡನಿಗೂ ಹೇಳದ್ದು, ಆ ಮುದುರಿದ ಚರ್ಮವನ್ನು ಕೈಯಲ್ಲಿ ಹಿಡಿದ ಕ್ಷಣ ಹೊಟ್ಟೆಯ ಮೂಲೆಯಲ್ಲೆಲ್ಲೋ ಒಂದು ಚೂರು ನಿರಾಳ ಆಗಿತ್ತು, ಹೋಗಲಿ ಬಿಡು, ಅವಳನ್ನು ಅಲ್ಲಿಗೆ ಎಳೆಯುವ ಗಂಟೊಂದು ಬಿಚ್ಚಿತು ಅಂತ, ಛೆ, ಎಂಥ ತಾಯಿ ನಾನು, ನಿನ್ನೆ ಇಲ್ಲಿಗೆ ಬರುವ ದಾರಿಯುದ್ದಕ್ಕೂ ಅವಳು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿದ್ದರೆ ಇಂಟರ್‌ವ್ಯೂ ಮುಗಿದೊಡನೆ ತೋರಿಸೋಣವೆಂದು ತಂದ ಈ ಚೀಲ ಕಾಲ ಬುಡದಲ್ಲಿ ಕಳ್ಳನ ಹಾಗೆ ಕೂತಿತ್ತು.

ಎಲ್ಲಕ್ಕೂ ಎರಡು ದೇಶಗಳ ನಡುವಿನ ಆ ನದಿಯೇ ಕಾರಣ, ದಾನಪ್ಪ ಡೆಟ್ರಾಯಿಟಿನ ಕಾರು ಕಂಪನಿಗೆ ದಿನಾ ಸೇತುವೆ ದಾಟಿ ಬರುತ್ತಿದ್ದ ಕಾಲದಲ್ಲಿ ಮನೆ ಆಚೆ ದಡದ ವಿಂಡ್ಸರಿನಲ್ಲಿತ್ತು, ವಿಭಾ ಹುಟ್ಟಿದ್ದು ಅಲ್ಲಿ, ಹಾಗಾಗಿ ಅವಳಿಗೆ ಕೆನಡಾದ ಪಾಸ್‌ಪೋರ್ಟೂ ಉಂಟು, ಇಲ್ಲಿಯದ್ದೂ ಉಂಟು, ಅದೊಂದು ಇಲ್ಲದಿದ್ದರೆ ಅಲ್ಲಿನ ಥಂಡರ್ ಬೇ ಊರಿಗೆ ಪೈಲಟ್ ಆಗಿ ಹೋಗುವ ಪ್ರಶ್ನೆಯೇ ಏಳುತ್ತಿರಲಿಲ್ಲ, ಅಲ್ಲಿಂದಲೂ ಉತ್ತರಕ್ಕೆ, ರಸ್ತೆ ಮುಗಿದ ಮೇಲೂ ಉತ್ತರಕ್ಕೆ, ಅಲ್ಲಿನ ಮೂಲನಿವಾಸಿಗಳ ಹಳ್ಳಿಗಳಿಗೆ, ಕೆರೆ ಕಲ್ಲಿನಂತೆ ಹೆಪ್ಪುಗಟ್ಟಿದ ಕೆಲವು ವಾರ ಮಾತ್ರ ಮಂಜುಗಡ್ಡೆಯ ಮೇಲೆ ಟ್ರಕ್ಕು ಹೋಗುತ್ತದಂತೆ, ಮಿಕ್ಕಂತೆ ವಿಮಾನವೇ ಗತಿ. ಅದೂ ಎಂಥ ವಿಮಾನ, ಎರಡು ಫ್ಯಾನಿನ ಡಬ್ಬ, ಪೈಲಟ್ಟೇ ಸಾಮಾನು ಹೊರಬೇಕು, ಹಾಲು, ಡಯಾಪರ್, ಮೊಟ್ಟೆ, ಟ್ರ್ಯಾಕ್ಟರಿನ ಟೈರು, ಹಾಕಿ ಆಡಲು ಹೊರಟ ಮಕ್ಕಳು, ಡಯಾಲಿಸಿಸ್‌ಗೆ ಹೋಗುವ ಅಜ್ಜ, ಹೆರಿಗೆ ಮುಗಿಸಿ ಕೂಸು ಎತ್ತಿಕೊಂಡು ಮರಳುವ ಹುಡುಗಿ, ಒಮ್ಮೊಮ್ಮೆ ಸೀಟು ಬಿಚ್ಚಿ ಜಾಗ ಮಾಡಿ ಒಂದು ಶವಪೆಟ್ಟಿಗೆ, ಅಷ್ಟು ಓದಿಸಿದ್ದು ಹಮಾಲಿ ಮಾಡಲಿಕ್ಕಾ ಎಂದು ಛಾಯಾ ಅತ್ತಾಗ ದಾನಪ್ಪ ನಕ್ಕಿದ್ದ, ಏನ ಚಿಂತಿ ಮಾಡ್ತಿ ಬಿಡ, ನಮ್ಮೂರಿಗೆ ಸಂಜಿಮುಂದ ಕೆಂಪ ಬಸ್ ಬರ್ತಿತ್ತಲ್ಲ, ಹಂಗ ಅದು, ಡ್ರೈವರ್ ಯಾರಂತ ಊರಿಗೆಲ್ಲಾ ಗೊತ್ತು, ಬಸ್ ಬರಲಿಲ್ಲಂದ್ರ ಪೇಪರಿಲ್ಲ, ಗುಳಿಗಿಲ್ಲ, ತವರಿಗೆ ಬರೋ ಮಗಳೂ ಇಲ್ಲ. ಬಸ್ಸು ಬೀಳುವುದಿಲ್ಲವಲ್ಲ ರೀ, ಎಂದಿದ್ದಳು ಇವಳು. ಆ ಒಂದು ವಿಡಿಯೋ, ಮಗಳ ವಿಮಾನದ ಹಿಂದಿನ ಸೀಟಿನ ಯಾರೋ ಕಿಟಕಿಯಿಂದ ತೆಗೆದು ಕಳಿಸಿದ್ದು, ಛಾಯಾ ಅದನ್ನು ನೋಡಿದಷ್ಟು ಸಲ ಯಾವ ಮದುವೆ ವಿಡಿಯೋವನ್ನೂ ನೋಡಿಲ್ಲ — ಜಲ್ಲಿಯ ರನ್‌ವೇ, ಎರಡೂ ಬದಿ ಹಿಮ, ತಂತಿ ಬೇಲಿಯ ಬಳಿ ಒಬ್ಬ ಮುದುಕಿ ನಿಂತಿದ್ದಾಳೆ, ಕೈ ಎತ್ತಿದ್ದಾಳೆ, ಬೀಸುತ್ತಿಲ್ಲ, ಟಾಟಾ ಮಾಡುತ್ತಿಲ್ಲ, ಸುಮ್ಮನೆ ಎತ್ತಿ ಹಿಡಿದಿದ್ದಾಳೆ, ವಿಮಾನ ಓಡಿ ಎದ್ದು ವಾಲಿ ತಿರುಗಿದರೂ ಕೆಳಗೆ ಆ ಕೈ ಹಾಗೆಯೇ ಇದೆ, ಅವಳೇ ಒಂದು ಚುಕ್ಕಿಯಾದ ಮೇಲೂ ಕೈ ಇಳಿದದ್ದು ಕಾಣುವುದಿಲ್ಲ. ಅದು ಡೆಲ್ಲಾ, ಎಂದಿದ್ದಳು ವಿಭಾ, ಸ್ಕೂಲ್ ಆಫೀಸಲ್ಲಿದ್ರು, ಈಗ ರಿಟೈರ್ಡ್, ಎವ್ರಿ ಫ್ಲೈಟ್ ಬರ್ತಾರೆ ಅಮ್ಮಾ, ಕಾಕ್‌ಪಿಟ್‌ನಿಂದ ನಂಗೆ ಫಸ್ಟ್ ಕಾಣ್ಸೋದೇ ಆ ಕೈ, ಲಾಸ್ಟ್ ಕಾಣ್ಸೋದೂ ಅದೇ. ಕೈಗವಸು ಹೊಲಿದು ಕೊಟ್ಟವಳೂ ಅವಳೇ.

ಮಡಿಲಲ್ಲಿ ಏನೋ ನಡುಗಿತು, ಚೀಲವಲ್ಲ, ಫೋನು, ಮೆಸೆಂಜರಿನ ಗುಂಡು ಚೌಕಟ್ಟಿನಲ್ಲಿ ದಪ್ಪ ಕನ್ನಡಕದ ಮುಖ, ಕೆಳಗೆ ಡೆಲ್ಲಾ ಎಂಬ ಹೆಸರು, ನೆನೆದವರ ಮನದಲ್ಲಿ ಎನ್ನುತ್ತಾರಲ್ಲ ಹಾಗೆ, ಇಗ್ನೋರ್ ಮಾಡು ಅಂದಿದ್ದಳು ಮಗಳು, ಹಿರಿಯರನ್ನು ಇಗ್ನೋರ್ ಮಾಡುವುದು ಹೇಗೆ, ಬೆರಳು ಒತ್ತಿಯೇಬಿಟ್ಟಿತು. ಇಲ್ಲ, ವಿಭಾ ಅಲ್ಲ, ನಾನು ಅವಳ ತಾಯಿ, ಅವಳು ಮೀಟಿಂಗಿನಲ್ಲಿದ್ದಾಳೆ, ಎಂದಳು ಛಾಯಾ ತನ್ನ ಆಫೀಸಿನ ಇಂಗ್ಲಿಷಿನಲ್ಲಿ, ಓ, ಉಪ್ಪಿನಕಾಯಿ ಕಳಿಸೋ ತಾಯಿಯಾ, ಎಂದಿತು ಆ ಕಡೆಯ ದನಿ. ಆಡಿದ್ದು ಇಂಗ್ಲಿಷೇ, ಛಾಯಾಳ ತಲೆಯೊಳಗೆ ಮಾತ್ರ ಅದು ಬೀದಿ ಕೊನೆಯ ಮನೆಯ ದೊಡ್ಡಮ್ಮನ ಕನ್ನಡವಾಗಿ ಇಳಿಯುತ್ತಿದೆ. ಕಣ್ಣಿನ ಆಪರೇಷನ್ನಿಗೆ ಥಂಡರ್ ಬೇಗೆ ಬಂದಿದ್ದೆ, ಮುಗೀತು, ಮಂಜು ಮುಸುಕಿ ಇವತ್ತಿನ ಫ್ಲೈಟ್ ಹಾರ್ಲಿಲ್ಲ, ರಜೆ ಮುಗಿಸಿ ಬಂದಿದ್ರೆ ನಾಳೆ ಓಡ್ಸೋದು ನಿನ್ನ ಮಗಳೇನಾ ಅಂತ ಕೇಳೋಣ ಅಂತ ಮಾಡಿದೆ, ಅವಳು ಇಳಿಸೋದು ಮೆತ್ತಗೆ, ಆ ಹೊಸ ಹುಡುಗ ಮೂಟೆ ಎಸೆದ ಹಾಗೆ ಎಸೀತಾನೆ, ಮತ್ತೆ ಆ ನಿಂಬೆಹಣ್ಣಿಂದು ಖಾಲಿಯಾಯ್ತು, ಕೊನೇದನ್ನ ನನ್ನ ಮೈದುನ ಮೀನಿನ ಜೊತೆ ತಿಂದ್ಬಿಟ್ಟ. ನಿಂಬೆಹಣ್ಣಿನದ್ದು! ಮಗಳಿಗೆ ಅಂತ ಬಿಸಿಲು ಹುಡುಕಿ ಹುಡುಕಿ ಹಿತ್ತಲ ಡೆಕ್ಕಿನ ಮೇಲೆ ಒಣಗಿಸಿ, ಸುರಿಯದ ಹಾಗೆ ಮುಚ್ಚಳಕ್ಕೆ ಟೇಪು ಸುತ್ತಿ ಕಳಿಸಿದ್ದು, ಮೀನಿನ ಜೊತೆ! ಅಯ್ಯೋ ನಂಜುಂಡಪ್ಪಾ, ನಗು ಬಂತು, ನಗುವಿನ ಹಿಂದೆಯೇ ಅಳು ಬಂತು, ಅಳುವಿನ ಜೊತೆ ಎಲ್ಲವೂ ಬಾಯಿಂದ ಬಿದ್ದುಹೋಯಿತು, ನೀವು ಹೊಲಿದ ಕೈಗವಸನ್ನು ನಾನು ಮೆಷಿನ್ನಿಗೆ ಹಾಕಿಬಿಟ್ಟೆ, ಬಿಸಿನೀರು, ಡ್ರೈಯರ್, ಅವಳಿಗೆ ಇನ್ನೂ ಗೊತ್ತಿಲ್ಲ. ಡೆಲ್ಲಾ ಬೈಯುತ್ತಾಳೆ ಎಂದು ಛಾಯಾ ಕಣ್ಣು ಮುಚ್ಚಿದರೆ ಕೇಳಿಸಿದ್ದು ನಗು, ಕೆಮ್ಮು ಬರುವವರೆಗೂ ನಗು, ಪಕ್ಕದಲ್ಲಿದ್ದ ಯಾರಿಗೋ ತಮ್ಮ ಭಾಷೆಯಲ್ಲಿ ಅದನ್ನೇ ಹೇಳಿ ಅವರೂ ನಕ್ಕು, ಆಮೇಲೆ, ನನ್ನ ಸ್ವಂತ ಮಗಳೇ ಹಾಗೆ ಮಾಡಿದ್ಲು ಮಾರಾಯ್ತಿ, ಅವಳ ಗಂಡಂದು, ಮದುವೆಯಾದ ಹೊಸದ್ರಲ್ಲಿ, ಕೈ ಹಾಕಕ್ಕೆ ಹೋಗಿ ಅವನು ಬೆರಳು ಉಳುಕಿಸ್ಕೊಂಡ. ಚರ್ಮ ಹದ ಮಾಡೋದು ನನ್ನ ತಂಗಿ, ನಾನು ಟಿವಿ ಮುಂದೆ ಕೂತು ಹೊಲಿಯೋಳು ಅಷ್ಟೇ, ಆದ್ರೂ ಹೇಳ್ತೀನಿ ಕೇಳು, ತಣ್ಣೀರಲ್ಲಿ ಒದ್ದೆ ಮಾಡು, ಹಿಂಡು, ಎಳಿ, ಎಲ್ಲಾ ಕಡೆಗೂ ಎಳಿ, ಒಳಗೆ ಕೈ ಹಾಕಿ ಎಳಿ, ಒಣಗೋವರೆಗೂ ನಿಲ್ಲಿಸ್ಬೇಡ, ಹಿಂದಿನ ಅಳತೆಗೆ ಬರಲ್ಲ, ಮೆತ್ತಗಂತೂ ಆಗುತ್ತೆ.

ಛಾಯಾ ಬಾಟಲಿಯ ನೀರನ್ನು ಚೀಲದೊಳಗೇ ಸುರಿದಳು, ಫೋನು ಡ್ಯಾಶ್‌ಬೋರ್ಡಿನ ಮೇಲೆ, ಸ್ಪೀಕರಿನಲ್ಲಿ, ಕಾರಿನ ತುಂಬ ಹೊಗೆ ಮತ್ತೆ ಎದ್ದಿತು, ಎಳೀತಿದೀಯಾ ಎಂದಳು ಡೆಲ್ಲಾ, ಎಳೀತಿದೀನಿ ಎಂದಳು ಛಾಯಾ, ಹೋಳಿಗೆಯ ಕಣಕ ನಾದಿದವಳಿಗೆ ಎಳೆಯುವುದು ಹೊಸದಲ್ಲ, ಆದರೆ ಕಣಕ ಹೇಳಿದಂತೆ ಕೇಳುತ್ತದೆ, ಇದು ಸೆಟೆದುಕೊಂಡಿದೆ. ಅವಳಿಗೆ ಇನ್ನೊಂದು ಜೊತೆ ಹೊಲಿದು ಕೊಡ್ತೀರಾ, ನಾನು ಏನು ಬೇಕಾದ್ರೂ ಕಳಿಸ್ತೀನಿ, ಎಂದು ಕೇಳಿಯೇಬಿಟ್ಟಳು, ಇಲ್ಲ, ಎಂದಳು ಡೆಲ್ಲಾ, ಒಬ್ಬರಿಗೆ ಒಂದೇ ಸಲ, ಅದು ಹೋಗೋರಿಗೆ ಕೊಡೋದು, ಇರೋರಿಗಲ್ಲ. ಛಾಯಾಳ ಕೈ ನಿಂತಿತು. ಪೈಲಟ್‌ಗಳು ಬರ್ತಾರೆ, ನಮ್ಮ ಮೇಲೆ ಹಾರಿ ಹಾರಿ ಕಲೀತಾರೆ, ಕಲಿತ ಮೇಲೆ ದೊಡ್ಡ ವಿಮಾನಕ್ಕೆ ಹೋಗ್ತಾರೆ, ನಾವು ಮತ್ತೆ ಹೊಸ ಹೆಸರು ಕಲೀತೀವಿ, ತಪ್ಪಲ್ಲ ಅದು, ಹೋಗೋರ ಕೈ ಬೆಚ್ಚಗಿರ್ಲಿ ಅಂತ ಹೊಲೀತೀನಿ, ನಿನ್ನ ಮಗಳು ಚಿಕಾಗೋದವರು ಕರೆದಿದ್ದಾರೆ ಅಂದಾಗ ಹೊಲಿದೆ, ತಗೊಳ್ಳಲ್ಲ ಅಂದ್ಲು ಹುಚ್ಚು ಹುಡುಗಿ, ರನ್‌ವೇ ಮೇಲೆ ನಿಂತು ಅತ್ಲು, ಇಂಜಿನ್ ಆನ್ ಮಾಡಿಟ್ಟು ಯಾರಾದ್ರೂ ಅಳ್ತಾರಾ, ನಾನೇ ಬ್ಯಾಗಿಗೆ ತುರುಕಿದೆ. ಹಾಗಾದರೆ ಅದು ಎಳೆಯುವ ಗಂಟಲ್ಲ, ಬೀಳ್ಕೊಡುವ ಉಡುಗೊರೆ, ಇಷ್ಟು ದಿನ ತಾನು ತಿಳಿದದ್ದು ತಲೆಕೆಳಗು, ಅವಳಿಗೆ ಇರು ಅಂತ ಹೇಳೋಕೆ ನಿಮಗೆ ಅನ್ನಿಸ್ಲಿಲ್ಲವಾ, ಎಂದು ಛಾಯಾ ಕೇಳಿದ್ದು ಪಿಸುದನಿಯಲ್ಲಿ, ಡೆಲ್ಲಾ, ಅನ್ನಿಸ್ದೇ ಇರುತ್ತಾ, ಎಂದಳು, ಆದ್ರೆ ಅವರಿಗೂ ಅಮ್ಮಂದಿರು ಇರ್ತಾರಲ್ಲ, ಅಮ್ಮಂದಿರ ಹತ್ರ ಯಾರು ಜಗಳ ಆಡ್ತಾರೆ, ಊಟಕ್ಕೆ ಕರೀತಿದಾರೆ, ಎಳೆಯೋದು ನಿಲ್ಲಿಸ್ಬೇಡ. ಫೋನು ಕತ್ತಲಾಯಿತು.

ನಿಲ್ಲಿಸಲಿಲ್ಲ, ಹೆಬ್ಬೆರಳ ಬುಡದಿಂದ, ಮಣಿಕಟ್ಟಿನಿಂದ, ಹೊಲಿಗೆಯ ಅಂಚಿನಿಂದ, ಬೆರಳ ಗಂಟುಗಳು ಹರಿದುಹೋಗುವಂತೆ ನೋಯುತ್ತಿವೆ, ಪ್ಯಾಂಟಿನ ಮೇಲೆಲ್ಲ ಕಂದು ನೀರು, ಈ ಮೂಲೆ ಚೂರು ಸಡಿಲವಾಯಿತು, ಹೌದು, ಆಗಿದೆ, ಬಟ್ಟೆಯಂತೆ ಮಡಚುತ್ತಿದೆ — ಅಮ್ಮಂದಿರ ಹತ್ತಿರ ಯಾರು ಜಗಳ ಆಡುತ್ತಾರೆ, ಆ ಮುದುಕಿ ಪ್ರತಿ ಸಲವೂ ಛಾಯಾಳಂಥ ಅಮ್ಮನೊಬ್ಬಳಿಗೆ ಸೋತು, ಸೋತವಳೇ ಕೂತು ಮಣಿ ಪೋಣಿಸಿ ಕಳಿಸುತ್ತಾಳೆ, ತಾನೋ, ಡೆಟ್ರಾಯಿಟ್ ಏರ್‌ಪೋರ್ಟಿನಲ್ಲಿ ಒಂದು ಸಲವಾದರೂ ಮಗಳನ್ನು ನೆಟ್ಟಗೆ ಕಳಿಸಿದ್ದುಂಟೇ, ತೋಳು ಹಿಡಿದುಕೊಂಡು, ಇನ್ನೊಂದ್ಸಲ ಯೋಚ್ನೆ ಮಾಡು ಪುಟ್ಟಿ, ಆ ವಿಭಾ ಅಂಥ ಕೆಲಸಕ್ಕೆ ಹೋದಳಲ್ಲ ಅಂತ ಕನ್ನಡ ಕೂಟದಲ್ಲಿ ಆಂಟಿಯರೆಲ್ಲಾ ಕೇಳ್ತಾರೆ, ಎಂದು ಚುಚ್ಚಿ, ಅವಳು ಸೆಕ್ಯೂರಿಟಿ ದಾಟುವವರೆಗೂ ಕಾಣುವಂತೆ ಕಣ್ಣೊರೆಸಿಕೊಂಡು, ಅದನ್ನು ಪ್ರೀತಿ ಅಂದುಕೊಂಡು ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದ್ದಾಳೆ, ಪ್ರೀತಿಯೇ ಅದೂ, ಅಲ್ಲ ಅನ್ನುವುದು ಹೇಗೆ, ಆದರೆ ಹಿಡಿದ ಮುಷ್ಟಿಯ ಪ್ರೀತಿ. ನಿನ್ನೆ ಬರುವಾಗ ಕಲಮಝೂ ಊರಿನ ಹತ್ತಿರ ಕಾಫಿಗೆ ನಿಲ್ಲಿಸಿದಾಗ ವಿಭಾ ಕೇಳಿದ್ದಳಲ್ಲ, ಅಮ್ಮಾ, ಇದು ಸಿಕ್ರೆ ಯು'ಲ್ ಬಿ ಹ್ಯಾಪಿ, ರೈಟ್, ಎಂದು, ಇವಳು, ಮತ್ತೆ ಆಗ್ದೇ ಇರುತ್ತಾ, ಎಂದು ಬಿಸಿಬಿಸಿ ಕಾಫಿ ಕುಡಿದು ನಾಲಿಗೆ ಸುಟ್ಟುಕೊಂಡಿದ್ದಳು, ನೀನು ಆಗ್ತೀಯಾ ಅಂತ ತಿರುಗಿ ಕೇಳಲಿಲ್ಲ, ಅರ್ಧ ಕ್ಷಣದ ಮಾತು, ಕೇಳಲಿಲ್ಲ. ಕೇಳಿದರೆ ಅವಳು ನಿಜ ಹೇಳಿಬಿಡುತ್ತಾಳೆ ಎಂಬ ಭಯ, ಆ ಭಯ ಈಗಲೂ ಇದೆ, ಮಂಜಿದೆ, ಜಲ್ಲಿಯಿದೆ, ಡಬ್ಬದಂಥ ವಿಮಾನವಿದೆ, ಡೆಲ್ಲಾ ನಕ್ಕ ಮಾತ್ರಕ್ಕೆ ಯಾವುದೂ ಎಲ್ಲಿಗೂ ಹೋಗುವುದಿಲ್ಲ, ಆದರೆ ಮೆತ್ತಗೆ ಇಳಿಸುತ್ತಾಳಂತೆ, ನಾಳೆ ಓಡಿಸುವುದು ಅವಳೇನಾ ಎಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸು ಫೋನು ಮಾಡಿ ಕೇಳುತ್ತಾಳಂತೆ, ದೊಡ್ಡ ವಿಮಾನದಲ್ಲಿ ಮುನ್ನೂರು ಜನ ಕೂರುತ್ತಾರೆ, ಓಡಿಸುವವರು ಯಾರೆಂದು ಒಬ್ಬರಾದರೂ ಕೇಳುತ್ತಾರೆಯೇ. ದಾನಪ್ಪ ಹೇಳಿದ್ದೇ ಸರಿ, ಅವನಿಗೆ ಇದನ್ನು ಹೇಳಬಾರದು, ಹೇಳಿದರೆ ವರ್ಷಗಟ್ಟಲೆ ಮೆರೆಯುತ್ತಾನೆ, ಊರಿಗೆ ಹೋದ ಬಸ್ಸು ಊರಿಂದ ತಿರುಗಿಯೂ ಬರುತ್ತದೆ, ಬರುತ್ತಾಳೆ, ಉಪ್ಪಿನಕಾಯಿಗಾದರೂ ಬರಲೇಬೇಕು, ಊರಿಗೆ ಊರೇ ತಿನ್ನುವುದಾದರೆ ಈ ಬೇಸಿಗೆಗೆ ಎರಡು ದೊಡ್ಡ ಜಾಡಿ ಹಾಕಬೇಕು. ಹೇಳಬೇಕು, ಬಂದ ಕೂಡಲೇ ಹೇಳಬೇಕು, ನಿನಗೆ ಬೇಕಾದ ಕಡೆ ಹೋಗು, ನನ್ನ ಮುಖ ನೋಡಬೇಡ.

ಬಾಗಿಲು ತೆರೆದುಕೊಂಡಿತು, ಗಾಜಿನದ್ದು, ದೂರದ್ದು, ನೀಲಿ ಕೋಟು ಹೊರಗೆ ಬಂತು, ಕೈಯಲ್ಲೊಂದು ಫೋಲ್ಡರ್, ಕಾರು ಎಲ್ಲಿ ನಿಲ್ಲಿಸಿದೆನೆಂದು ಮರೆತು ಸಾಲು ಸಾಲು ಹುಡುಕುತ್ತಿದ್ದಾಳೆ, ಚಿಕ್ಕಂದಿನಿಂದ ಇದೇ ಬುದ್ಧಿ, ಆಕಾಶದಲ್ಲಿ ದಾರಿ ಗೊತ್ತು, ಪಾರ್ಕಿಂಗ್ ಲಾಟಿನಲ್ಲಿ ಗೊತ್ತಿಲ್ಲ, ಛಾಯಾ ಇಳಿದು ನಿಂತಳು, ಕಾಲು ಜೋಮು ಹಿಡಿದಿದೆ, ಒಳಗಿನಿಂದ ಹಿಗ್ಗಿಸಲು ತೂರಿಸಿದ ಬಲಗೈ ಕೈಗವಸಿನಲ್ಲೇ ಉಳಿದಿದೆ, ಒದ್ದೆ, ತಣ್ಣಗೆ, ಕೆಂಪು ಹೂವಿನದ್ದು. ವಿಭಾ ಅಲ್ಲಿಂದಲೇ ಕೂಗಿದಳು, ಅಮ್ಮಾ, ದೇ ಸೆಡ್ ಯೆಸ್, ಸಿಕ್ತು — ಸಿಕ್ತು ಎನ್ನುವ ಬಾಯಿ ನಗುತ್ತಿದೆ, ಮುಖ ನಗುತ್ತಿಲ್ಲ, ಹಾಗಲಕಾಯಿ ಪಲ್ಯವನ್ನು ಅಮ್ಮನಿಗಾಗಿ ನುಂಗುತ್ತಿದ್ದಳಲ್ಲ ಅದೇ ಮುಖ, ಈ ಒಂದು ಮಾತಿಗೆ ಎಷ್ಟು ಹರಕೆ ಹೊತ್ತಿದ್ದಳು ಛಾಯಾ, ಈಗ ಓಡಿಹೋಗಿ ತಬ್ಬಬೇಕು, ಆಮೇಲೆ ಹೇಳಿದರಾಯಿತು, ಮನೆಗೆ ಹೋಗಿ ನಿಧಾನಕ್ಕೆ — ಇಲ್ಲ, ನಿಧಾನವೆಂದರೆ ಮತ್ತೆ ಮುಷ್ಟಿ ಬಿಗಿಯುತ್ತದೆ, ಕೈಗವಸಿನ ಕೈ ಮೇಲೇರಿತು. ಬೀಸಲಿಲ್ಲ, ಬಾ ಎನ್ನಲಿಲ್ಲ, ಸುಮ್ಮನೆ ಎತ್ತಿ ಹಿಡಿದಳು, ಮೊಣಕೈಯವರೆಗೆ ನೀರು ಇಳಿಯುತ್ತಿದೆ, ವಿಭಾ ನಡೆಯುತ್ತಿದ್ದವಳು ನಿಂತಳು, ಕೈಯನ್ನು ನೋಡಿದಳು, ಅಮ್ಮನ ಮುಖವನ್ನು ನೋಡಿದಳು, ಮತ್ತೆ ಕೈಯನ್ನು, ಫೋಲ್ಡರು ಬಾಯಿಗೆ ಅಡ್ಡ ಹೋಯಿತು, ಭುಜಗಳು ಅಲುಗುತ್ತಿವೆ, ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಬೇಕಾದ ಕಡೆ ಹೋಗು ಎನ್ನುವ ಕೈಯೆಂದು ಗೊತ್ತಾಗಿದೆ ಅವಳಿಗೆ, ಆಮೇಲೆ ನಿಧಾನವಾಗಿ ಅವಳ ಕೈಯೂ ಮೇಲೆದ್ದಿತು, ಅಷ್ಟು ದೂರದಿಂದ, ಕೆಳಗಿನವರಿಗೆ ಮೇಲಿನಿಂದ ಉತ್ತರಿಸುವವಳ ಹಾಗೆ, ಇನ್ನು ಏನು ಹೇಳಬೇಕು, ಏನೋ ಇತ್ತು, ಹೇಳಬೇಕಾದದ್ದು, ಇಳಿಸಬಾರದು, ಈಗ ಇಳಿಸಬಾರದು, ಎತ್ತಿದ ಕೈ, ಒದ್ದೆ ಚರ್ಮ, ಕೆಂಪು ಮಣಿಯ ಹೂವು, ಎತ್ತಿದ ಕೈ —